ಹಲಸಿನ ಹಲಗೆಯ ಮೇಲೆ ಹಸೆ ಚಿತ್ತಾರ: ಸುಟ್ಟು ಬರೆಯುವ ಮೊದಲು ಮರವನ್ನು ಹೇಗೆ ಹದಗೊಳಿಸಬೇಕು?

ಹೊಸನಗರದ ಹಿತ್ತಿಲು

ಎಲ್ಲರಿಗೂ ನಮಸ್ಕಾರ. ಹೋದ ವರ್ಷದ ಮಳೆಗಾಲದಲ್ಲಿ ನಮ್ಮ ಹಿತ್ತಿಲಿನ ಹಲಸಿನ ಮರ ಗಾಳಿಗೆ ಬುಡಮೇಲಾಯಿತು. ಅಜ್ಜಿ ಮದುವೆಯಾಗಿ ಬಂದ ವರ್ಷ ನೆಟ್ಟ ಮರವಂತೆ. ಸೌದೆ ಮಾಡಲು ಮನಸ್ಸಾಗದೆ ಕಾಂಡವನ್ನು ಕೊಯ್ಯಿಸಿ ಹಲಗೆ ಮಾಡಿಸಿ ಇಟ್ಟುಕೊಂಡೆವು. ಬರುವ ಕಾರ್ತೀಕದಲ್ಲಿ ತಂಗಿಯ ಮದುವೆ. ಆ ಹಲಗೆಯ ಮೇಲೆ, ಮದುವೆಗೆಂದು ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ಸುಟ್ಟು ಬರೆದು ಅವಳಿಗೆ ಕೊಡಬೇಕೆಂದು ಆಸೆ.

ಬಿಸಿ ಮೊನೆಯಿಂದ ಮರವನ್ನು ಸುಟ್ಟು ಬರೆಯುವ ಪೈರೋಗ್ರಫಿ ಪೆನ್ನು ಹಿಡಿದು ಎರಡು ವರ್ಷವಾಗಿದೆ. ಇಷ್ಟು ದಿನ ಹೂವು, ಎಲೆ, ಹಕ್ಕಿ ಬರೆಯುತ್ತಿದ್ದೆ. ಎಲೆಯ ಗೆರೆ ಸ್ವಲ್ಪ ಸೊಟ್ಟಗಾದರೂ ಅದು ಎಲೆಯಾಗಿಯೇ ಉಳಿಯುತ್ತದೆ. ಚಿತ್ತಾರದಲ್ಲಿ ಒಂದು ಅಡಿ ಉದ್ದದ ನೇರ ಗೆರೆ, ಅದರ ಪಕ್ಕದಲ್ಲಿ ಅಷ್ಟೇ ದಪ್ಪದ ಇನ್ನೊಂದು, ಅವೆರಡರ ನಡುವೆ ಓರೆ ಗೆರೆಗಳ ಜಾಲ. ಒಂದು ಕಡೆ ತಪ್ಪಿದರೂ ಬಾಗಿಲಿನಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಅಂಚಿನ ಒಂದು ತುಂಡಿನ ಮೇಲೆ ಬರೆದು ನೋಡಿದೆ. ಗೆರೆಯುದ್ದಕ್ಕೂ ಕಪ್ಪು ಚುಕ್ಕೆಗಳು ಬಿದ್ದಿವೆ, ಚುಕ್ಕೆಯಿಂದ ಚುಕ್ಕೆಗೆ ಅಂತರ ಹೆಚ್ಚುಕಡಿಮೆ ಒಂದೇ ಆಗಿದೆ. ಗೆರೆಯ ಎರಡೂ ಬದಿಗೆ ಕಂದು ಬಣ್ಣ ಹಬ್ಬಿದೆ. ಕೆಲವು ಕಡೆ ಪೆನ್ನಿನ ಮೊನೆ ನನ್ನ ಕೈ ಕೇಳದೆ ಪಕ್ಕಕ್ಕೆ ಜಾರಿದೆ. ಚಿತ್ರ ಹಾಕಿದ್ದೇನೆ, ದಯವಿಟ್ಟು ನೋಡಿ.

ಹಲಗೆ ಮುಕ್ಕಾಲು ಇಂಚು ದಪ್ಪ. ಮಿಲ್ಲಿನಲ್ಲಿಯೇ ಯಂತ್ರದಿಂದ ಪ್ಲೇನಿಂಗ್ ಮಾಡಿಸಿ ಮೈ ಹೆರೆಸಿದ್ದೆವು. ನಾನು 120 ನಂಬರ್ ಉಜ್ಜುಕಾಗದದಲ್ಲಿ (ನಂಬರ್ ಹೆಚ್ಚಿದಷ್ಟೂ ಕಾಗದ ನಯ) ಉಜ್ಜಿ, ಆಮೇಲೆ ನೇರವಾಗಿ 400 ನಂಬರ್ ಹಿಡಿದೆ. ಕೈಗೆ ನುಣ್ಣಗೆ ಸಿಗುತ್ತದೆ. ತಪ್ಪು ಎಲ್ಲಿ?

ಸಾಗರದ ಮರಗೆಲಸ

ಚಿತ್ರ ದೊಡ್ಡದು ಮಾಡಿ ನೋಡಿದೆ. ನಿಮ್ಮ ಕೈಯಲ್ಲಿ ತಪ್ಪಿಲ್ಲ. ಚುಕ್ಕೆಗಳ ಅಂತರ ಒಂದೇ ಇದೆ ಎಂದು ಬರೆದಿದ್ದೀರಲ್ಲ, ಉತ್ತರ ಅಲ್ಲಿಯೇ ಇದೆ. ಯಂತ್ರದಲ್ಲಿ ಉರುಳೆಗೆ ಕಟ್ಟಿದ ಬ್ಲೇಡುಗಳು ತಿರುಗುತ್ತಾ ಮರವನ್ನು ಕಚ್ಚುತ್ತವೆ. ಒಂದೊಂದು ಕಚ್ಚಿಗೂ ಒಂದು ಸಣ್ಣ ತಗ್ಗು, ಎರಡು ತಗ್ಗಿನ ನಡುವೆ ಒಂದು ಸಣ್ಣ ಏರು. ಕೆರೆಯ ನೀರಿನ ಮೇಲೆ ಗಾಳಿ ಬೀಸಿದಾಗ ಏಳುವ ಅಲೆಯ ಹಾಗೆ. ಬೆರಳಿಗೆ ಗೊತ್ತಾಗುವುದಿಲ್ಲ. ಪೆನ್ನಿನ ಮೊನೆ ಪ್ರತಿ ಏರಿಗೂ ಒಂದು ಕ್ಷಣ ತಡೆಯುತ್ತದೆ, ತಡೆದಲ್ಲಿ ಮರ ಹೆಚ್ಚು ಸುಡುತ್ತದೆ. ಅದೇ ನಿಮ್ಮ ಚುಕ್ಕೆ.

120 ನಂಬರಿನಲ್ಲಿ ಚೆನ್ನಾಗಿ ಉಜ್ಜಿದ್ದರೆ ಆ ಅಲೆ ಹೋಗಬೇಕಿತ್ತು. ಬಹುಶಃ ಕಾಗದವನ್ನು ಬರಿಗೈಯಲ್ಲಿ ಹಿಡಿದು ಉಜ್ಜಿದ್ದೀರಿ. ಬೆರಳು ಮೆತ್ತಗಿರುತ್ತದೆ, ತಗ್ಗಿನಲ್ಲಿ ಇಳಿದು ಏರಿನಲ್ಲಿ ಹತ್ತುತ್ತದೆ. ಏರು ಏರಾಗಿಯೇ ಉಳಿಯುತ್ತದೆ, ಹೊಳಪು ಮಾತ್ರ ಬರುತ್ತದೆ. ಕಾಗದದ ಹಿಂದೆ ಗಟ್ಟಿಯಾದ, ಸಪಾಟಾದ ವಸ್ತು ಬೇಕು. ಅಂಗೈ ಅಗಲದ ಮರದ ತುಂಡಿಗೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ಕತ್ತರಿಸಿ ಅಂಟಿಸಿ, ಅದಕ್ಕೆ ಕಾಗದ ಸುತ್ತಿ. ನಾನು ಇಪ್ಪತ್ತು ವರ್ಷದಿಂದ ಹಿಡಿಯುತ್ತಿರುವುದು ಇದನ್ನೇ.

ಇನ್ನು ಹಲಸು. ನಮ್ಮ ಕಡೆಯ ಮನೆಗಳ ಕಂಬ, ಬಾಗಿಲು, ದೇವರ ಮಂಟಪ ಎಲ್ಲದಕ್ಕೂ ಬಂದ ಒಳ್ಳೆಯ ಮರ. ಆದರೆ ಅದರ ಎಳೆ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಒಂದು ಪಟ್ಟಿ ಈ ಕಡೆ ಮಲಗಿದ್ದರೆ ಪಕ್ಕದ ಪಟ್ಟಿ ಆ ಕಡೆ ಮಲಗಿರುತ್ತದೆ. ಹತ್ತರಿ ಹೊಡೆದರೆ ಒಂದು ಪಟ್ಟಿ ಕನ್ನಡಿಯಂತೆ ಬಂದು, ಪಕ್ಕದ್ದು ಕಿತ್ತುಹೋಗುತ್ತದೆ. ನಿಮ್ಮ ಮೊನೆ ಜಾರಿದ್ದು ಇಂಥ ಎರಡು ಪಟ್ಟಿಗಳು ಸೇರುವ ಜಾಗದಲ್ಲಿ. ಜೊತೆಗೆ ಹಲಸಿನ ರಂಧ್ರಗಳು ದೊಡ್ಡವು, ಹಲಗೆಯ ಮೇಲೆ ಸಣ್ಣ ಸಣ್ಣ ಗೆರೆಗಳಂತೆ ಕಾಣುತ್ತವೆ. ಕಿತ್ತುಹೋದ ಕಡೆ ಕಾಗದಕ್ಕಿಂತ ಹೆರೆಯುವ ತಗಡು ವಾಸಿ. ತೆಳುವಾದ ಉಕ್ಕಿನ ತಗಡಿನ ಅಂಚನ್ನು ಸ್ವಲ್ಪ ಮಡಚಿದಂತೆ ತಿಕ್ಕಿ ಹರಿತ ಮಾಡಿ, ಓರೆಯಾಗಿ ಹಿಡಿದು ಎಳೆಯುವುದು. ಹಿಂದಿನವರು ಒಡೆದ ಗಾಜಿನ ಅಂಚಿನಲ್ಲಿಯೇ ಹೆರೆಯುತ್ತಿದ್ದರು. ಕೈ ಕೊಯ್ಯುವ ಅಪಾಯವಿದೆ, ನಿಮಗೆ ತಗಡೇ ಸಾಕು.

ಒಂದು ಪ್ರಶ್ನೆ. ಈ ಒಂದು ವರ್ಷ ಹಲಗೆಯನ್ನು ಎಲ್ಲಿ ಇಟ್ಟಿದ್ದಿರಿ?

ಹೊಸನಗರದ ಹಿತ್ತಿಲು

ಧನ್ಯವಾದಗಳು ಅಣ್ಣ. ಬರಿಗೈಯಲ್ಲಿ ಉಜ್ಜಿದ್ದು ನಿಜ. ಹಲಗೆಗಳು ಬಚ್ಚಲುಮನೆಯ ಹೊರಗೋಡೆಗೆ ಒರಗಿಸಿದಂತೆ ಸೂರಿನ ಕೆಳಗೆ ಇದ್ದವು. ಎರಚಲು ಬೀಳದಂತೆ ಪ್ಲಾಸ್ಟಿಕ್ ಹೊದಿಸಿದ್ದೆವು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಿಸಿದರೆ ಸಾಕೆಂದು ಕೇಳಿದ್ದೆ.

ಶಿವಮೊಗ್ಗದ ಬಿಸಿಮೊನೆ

ಹಾಗಾದರೆ ಕಂದು ಹಬ್ಬಿದ್ದರ ಕಾರಣ ಸಿಕ್ಕಿತು. ಮರಗೆಲಸದ ಅಣ್ಣ ಹಲಗೆಯ ಬಗ್ಗೆ ಹೇಳಿದ್ದಾರೆ, ನಾನು ಬಿಸಿಯ ಬಗ್ಗೆ ಹೇಳುತ್ತೇನೆ.

ಮರ ತೇವವಾಗಿದ್ದರೆ ಮೊನೆಯ ಬಿಸಿಯ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಗೆರೆ ತಿಳಿಯಾಗಿ ಬರುತ್ತದೆ. ತಿಳಿಯಾಯಿತೆಂದು ನಾವು ಬಿಸಿ ಏರಿಸುತ್ತೇವೆ, ಅಥವಾ ಕೈ ನಿಧಾನ ಮಾಡುತ್ತೇವೆ. ಆಗ ಗೆರೆಯೇನೋ ಕಪ್ಪಾಗುತ್ತದೆ, ಆದರೆ ಅಕ್ಕಪಕ್ಕದ ಮರವೂ ಕಾದು ಕಂದಾಗುತ್ತದೆ. ನೀವು ಪೆನ್ನಿನ ಬಿಸಿಯನ್ನು ಮಾಮೂಲಿಗಿಂತ ಹೆಚ್ಚು ಇಟ್ಟಿದ್ದಿರಿ ಎಂದುಕೊಳ್ಳುತ್ತೇನೆ. ಒಣಗಿದ ಮರದಲ್ಲಿ ಕಡಿಮೆ ಬಿಸಿಗೇ ಗೆರೆ ಬೀಳುತ್ತದೆ, ಅಂಚು ಚೊಕ್ಕವಾಗಿರುತ್ತದೆ.

ಇಂಚಿಗೆ ಒಂದು ವರ್ಷ ಎಂಬ ಲೆಕ್ಕ ತಪ್ಪಲ್ಲ. ಆದರೆ ಒಮ್ಮೆ ಒಣಗಿದ ಮರ ಹಾಗೆಯೇ ಇರುವುದಿಲ್ಲ. ಸುತ್ತಲಿನ ಗಾಳಿ ಎಷ್ಟು ತೇವವಾಗಿದೆಯೋ ಅದಕ್ಕೆ ತಕ್ಕಂತೆ ನೀರು ಹೀರಿಕೊಳ್ಳುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆ ಶೇಕಡ 50 ಇದ್ದರೆ ಮರದೊಳಗಿನ ನೀರು ಒಣ ತೂಕದ ಶೇಕಡ 9ರ ಸುಮಾರಿಗೆ ನಿಲ್ಲುತ್ತದೆ. ಆರ್ದ್ರತೆ ಶೇಕಡ 90 ಆದರೆ ಅದು 20ರ ಹತ್ತಿರಕ್ಕೆ ಏರುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆ ನಿಮ್ಮಿಂದ ಎಷ್ಟು ದೂರ? ನಿಮ್ಮೂರಿನ ಪುನರ್ವಸು ಮಳೆಯಲ್ಲಿ ಬಚ್ಚಲ ಗೋಡೆಗೆ ಒರಗಿದ ಹಲಗೆ, ಬೇಸಿಗೆಯಲ್ಲಿ ಎಷ್ಟೇ ಒಣಗಿದ್ದರೂ, ಈಗ ಒಣಗಿದ ಮರವಲ್ಲ. ಪ್ಲಾಸ್ಟಿಕ್ ಹೊದಿಸಿದ್ದರಿಂದ ಒಳಗಿನ ತೇವ ಹೊರಬರುವ ದಾರಿಯೂ ಮುಚ್ಚಿತು.

ನನ್ನ ಕಳಕಳಿಯ ಮಾತು: ಈಗ ಕಾಗದ ಮುಟ್ಟಬೇಡಿ. ತೇವದ ಮರವನ್ನು ಎಷ್ಟು ಉಜ್ಜಿದರೂ ನಾರು ಕತ್ತರಿಸುವುದಿಲ್ಲ, ಮಲಗುತ್ತದೆ. ಮಲಗಿದ ನಾರು ಆಮೇಲೆ ಏಳುತ್ತದೆ. ಮೊದಲು ಒಣಗಿಸಿ.

ಹೊಸನಗರದ ಹಿತ್ತಿಲು

ಬಿಸಿ ಏರಿಸಿದ್ದು ನಿಜ, ನೀವು ಪಕ್ಕದಲ್ಲಿ ಕುಳಿತು ನೋಡಿದವರಂತೆ ಹೇಳಿದಿರಿ. ಬಚ್ಚಲೊಲೆಯ ಮೇಲಿನ ಹಲಗೆಗಟ್ಟಿನಲ್ಲಿ ಇಟ್ಟರೆ ಆಗುತ್ತದೆಯೇ? ಅಲ್ಲಿ ದಿನವೂ ಬೆಂಕಿ ಇರುತ್ತದೆ.

ಸಾಗರದ ಮರಗೆಲಸ

ಬೇಡ. ಅಲ್ಲಿ ಬೆಂಕಿಯ ಜೊತೆಗೆ ಹಂಡೆಯ ಹಬೆಯೂ ಇದೆ. ಬೆಳಿಗ್ಗೆ ಹೀರಿ ಮಧ್ಯಾಹ್ನ ಬಿಟ್ಟು, ದಿನಕ್ಕೆರಡು ಸಲ ಹಿಗ್ಗಿ ಕುಗ್ಗಿದರೆ ಹಲಗೆ ಬಿರುಕು ಬಿಡುತ್ತದೆ. ಒಲೆಯ ಕಡೆಗಿನ ಮೈ ಬೇಗ ಒಣಗಿ ದೋಣಿಯಂತೆ ಬಾಗುವುದೂ ಉಂಟು. ಅಡುಗೆ ಒಲೆಯ ಮೇಲಿನ ಅಟ್ಟ ಉತ್ತಮ, ನೇರ ಹೊಗೆಗೆ ಸಿಗದ ಮೂಲೆ ನೋಡಿ. ಕೆಳಗೆ ಅಡಕೆ ದಬ್ಬೆ ಹಾಕಿ, ಎರಡು ಹಲಗೆಗಳ ನಡುವೆಯೂ ದಬ್ಬೆಯ ತುಂಡು ಇಟ್ಟು, ಎರಡೂ ಮೈಗೆ ಗಾಳಿ ಆಡುವಂತೆ ಮಲಗಿಸಿ. ಮೇಲೆ ಭಾರಕ್ಕೆ ಒಂದೆರಡು ಇಟ್ಟಿಗೆ. ಹಲಗೆಯ ಎರಡು ತುದಿಗಳಿಗೆ ಕರಗಿಸಿದ ಮೇಣ ಬಳಿಯಿರಿ. ಮರ ನೀರನ್ನು ತುದಿಯಿಂದಲೇ ಬೇಗ ಬಿಡುತ್ತದೆ, ಬಿರುಕು ಹುಟ್ಟುವುದೂ ಅಲ್ಲಿಯೇ.

ಒಲೆ ಇಲ್ಲದ ಮನೆಯವರಿಗೆ ಇನ್ನೊಂದು ದಾರಿ. ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲು ಬೀರುವಿನಲ್ಲಿ ಬಲ್ಬ್ ಉರಿಸಿಡುತ್ತಾರಲ್ಲ, ಹಾಗೆಯೇ. ಹಳೆಯ ತಂತಿ ಬಲ್ಬೇ ಆಗಬೇಕು, ಎಲ್‌ಇಡಿಯಲ್ಲಿ ಕಾವು ಸಾಲದು. ಬಲ್ಬಿಗೂ ಹಲಗೆಗೂ ಬಟ್ಟೆಗೂ ಒಂದು ಅಡಿಯಾದರೂ ಅಂತರ ಇರಲಿ.

ಒಣಗಿತೋ ಇಲ್ಲವೋ ತಿಳಿಯಲು ತೇವ ಅಳೆಯುವ ಮೀಟರ್ ಬರುತ್ತದೆ. ಅದಿಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ ಹಲಗೆಯ ಹಿಂದೆಯೇ ಪೆನ್ಸಿಲಿನಲ್ಲಿ ಬರೆದಿಡಿ. ತೂಕ ಇಳಿಯುವುದು ನಿಂತ ದಿನ ಕಾಗದ ಕೈಗೆತ್ತಿಕೊಳ್ಳಿ.

ಕೊಪ್ಪದ ಕಾಫಿತೋಟ

ನಡುವೆ ಬಂದದ್ದಕ್ಕೆ ಕ್ಷಮಿಸಿ, ನನ್ನದೂ ಒಣಗಿಸುವ ವಿಷಯವೇ. ತೋಟದ ಸಿಲ್ವರ್ ಓಕ್ ಕೊಂಬೆಗಳನ್ನು ತೊಗಟೆ ಸಮೇತ ದುಂಡಗೆ ಬಿಲ್ಲೆ ಕತ್ತರಿಸಿ ಅದರ ಮೇಲೆ ಸುಟ್ಟು ಬರೆಯುತ್ತೇನೆ. ಹತ್ತರಲ್ಲಿ ಏಳು ಬಿಲ್ಲೆ ಅಂಚಿನಿಂದ ನಡುವಿನವರೆಗೆ ಸೀಳಿಹೋಗುತ್ತವೆ. ಉಳಿದದ್ದನ್ನು ಉಜ್ಜಲು ಹೋದರೆ ಎಷ್ಟು ಕಾಗದ ಸವೆದರೂ ನುಣುಪು ಬರುವುದಿಲ್ಲ.

ಸಾಗರದ ಮರಗೆಲಸ

ಮರ ಒಣಗುವಾಗ ಉಂಗುರದ ಸುತ್ತಳತೆಯಲ್ಲಿ ಕುಗ್ಗುವುದು, ನಡುವಿನಿಂದ ಅಂಚಿಗೆ ಕುಗ್ಗುವುದರ ಸುಮಾರು ಎರಡರಷ್ಟು. ದುಂಡು ಬಿಲ್ಲೆಗೆ ಸೀಳದೆ ಬೇರೆ ದಾರಿ ಇಲ್ಲ. ಓರೆಯಾಗಿ, ಮೊಟ್ಟೆಯಾಕಾರ ಬರುವಂತೆ ಕತ್ತರಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ. ನಿಧಾನವಾಗಿ, ನೆರಳಿನಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ ಒಣಗಿಸಿ.

ಉಜ್ಜುವುದು ಕಷ್ಟವಾಗುವುದೇಕೆಂದರೆ ಅಲ್ಲಿ ನೀವು ನಾರಿನ ಮೈಯನ್ನಲ್ಲ, ನಾರಿನ ತುದಿಯನ್ನು ಉಜ್ಜುತ್ತಿದ್ದೀರಿ. ಹುಲ್ಲಿನ ಕಟ್ಟನ್ನು ನಿಲ್ಲಿಸಿ ಮೇಲಿನಿಂದ ಸವರಿದಂತೆ. 80ರಿಂದ ಶುರು ಮಾಡಿ, ಗರಗಸದ ಗೀರು ಒಂದೂ ಉಳಿಯದ ತನಕ 80ರಲ್ಲಿಯೇ ಇರಿ. ಮುಂದಿನ ನಂಬರುಗಳಿಗೆ ಓಡುವ ಆತುರದಲ್ಲಿ ಎಲ್ಲರೂ ಸೋಲುವುದು ಇಲ್ಲಿಯೇ. ಮತ್ತೆ ಸಿಲ್ವರ್ ಓಕ್ ಪುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳಿ.

ಭದ್ರಾವತಿಯ ಪ್ಯಾಟರ್ನ್ ಕೆಲಸಗಾರ

ಎರಕದ ಕೆಲಸಕ್ಕೆ ಮರದ ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ, ಮಾಡುವುದರಲ್ಲಿ ನನ್ನ ಅರ್ಧ ಆಯಸ್ಸು ಕಳೆದಿದೆ. ಪ್ಯಾಟರ್ನಿನ ಮೇಲೆ ಒಂದು ಗೀರು ಉಳಿದರೆ ಅದು ಮರಳಿನಲ್ಲಿ ಮೂಡಿ, ಮರಳಿನಿಂದ ಕಬ್ಬಿಣದಲ್ಲಿ ಮೂಡುತ್ತದೆ. ಹಾಗಾಗಿ ಉಜ್ಜುವ ವಿಷಯದಲ್ಲಿ ನಮಗೆ ರಿಯಾಯಿತಿ ಇರಲಿಲ್ಲ. ಹೊಸನಗರದ ತಂಗಿಗೆ ನಾಲ್ಕು ಮಾತು ಹೇಳುತ್ತೇನೆ.

120ರಿಂದ 400ಕ್ಕೆ ಹಾರಿದ್ದು ತಪ್ಪು. 120ರ ಕಾಗದ ತನ್ನದೇ ಆದ ಗೀರುಗಳನ್ನು ಬಿಟ್ಟುಹೋಗುತ್ತದೆ. ಅವನ್ನು ತೆಗೆಯುವಷ್ಟು ಶಕ್ತಿ 400ಕ್ಕೆ ಇಲ್ಲ, ಅದು ಗೀರಿನ ಮೇಲೆಯೇ ಹೊಳಪು ಕೊಡುತ್ತದೆ. ಬೆರಳು ಮೋಸಹೋಗುತ್ತದೆ. ಬಿಸಿ ಮೊನೆ ಮೋಸಹೋಗುವುದಿಲ್ಲ. 120, 150, 180, 220 ಎಂದು ಮೆಟ್ಟಿಲು ಇಳಿದಂತೆ ಇಳಿಯಬೇಕು. ಪ್ರತಿ ಕಾಗದದ ಕೆಲಸ ಹಿಂದಿನ ಕಾಗದದ ಗೀರನ್ನು ಅಳಿಸುವುದು, ಅಷ್ಟೇ.

ಅಳಿಸಿತೆಂದು ತಿಳಿಯುವುದು ಹೇಗೆ? ಹೊಸ ನಂಬರ್ ಹಿಡಿಯುವ ಮೊದಲು ಹಲಗೆಯ ಮೇಲೆಲ್ಲ ಪೆನ್ಸಿಲಿನಿಂದ ಹಗುರವಾಗಿ ಗೀಚಿ. ಉಜ್ಜುತ್ತಾ ಹೋದಂತೆ ಗೀಚು ಎಲ್ಲ ಕಡೆಯೂ ಒಂದೇ ಸಮನೆ ಹೋಗಬೇಕು. ಒಂದು ಕಡೆ ಉಳಿದರೆ ಅಲ್ಲಿ ತಗ್ಗಿದೆ. ಆಮೇಲೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಹಲಗೆಗೆ ಸಮವಾಗಿ ಪಕ್ಕದಿಂದ ಹಿಡಿಯಿರಿ. ಮೇಲಿನ ಬೆಳಕಿನಲ್ಲಿ ಕಾಣದ ಒಂದೊಂದು ಗೀರೂ ಉದ್ದ ನೆರಳು ಹಾಕಿ ನಿಲ್ಲುತ್ತದೆ.

ಯಾವಾಗಲೂ ಎಳೆಯ ಉದ್ದಕ್ಕೇ ಉಜ್ಜಿ. ಅಡ್ಡ ಉಜ್ಜಿದ ಗೀರು ನಾರನ್ನೇ ಕಡಿಯುತ್ತದೆ. ಬಿಸಿ ಮೊನೆ ಅದರ ಮೇಲೆ ಹಾದಾಗ ನೀವು ಬರೆಯದ ಗೆರೆಯೊಂದು ಕಪ್ಪಾಗಿ ಎದ್ದು ಬರುತ್ತದೆ. ತಿರುಗುವ ಸ್ಯಾಂಡರ್ ಯಂತ್ರ ಇದ್ದರೂ ಕೊನೆಯ ಎರಡು ನಂಬರ್ ಕೈಯಲ್ಲೇ ಮಾಡಿ, ಯಂತ್ರದ ಸುರುಳಿ ಗೀರುಗಳು ಚಿತ್ತಾರಕ್ಕೆ ಶತ್ರು.

ನಾಲ್ಕನೆಯದು ಪುಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಪುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದು 1995ರಲ್ಲಿ. ನಾವು ಕೆಲಸ ಕಲಿಯುವಾಗ ಇದನ್ನು ಯಾರೂ ಹೇಳಲಿಲ್ಲ, ಬಾಯಿಗೆ ಟವೆಲ್ ಕಟ್ಟಿಕೊಂಡರೆ ಅದೇ ದೊಡ್ಡ ಜಾಗ್ರತೆ. ಈಗ ನನ್ನ ಮೂಗಿಗೆ ಮಲ್ಲಿಗೆಯ ವಾಸನೆ ಸಿಗುವುದಿಲ್ಲ. ಎನ್95 ಮುಖಗವಸು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಉಜ್ಜುವಾಗ ಹಾಕಿಕೊಳ್ಳಿ, ಜಗಲಿಯಲ್ಲಿ ಕುಳಿತು ಉಜ್ಜಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಸುಡುವಾಗ ಏಳುವ ಹೊಗೆಗೆ ಬೇರೆ ಎಚ್ಚರಿಕೆ ಬೇಕು, ಆ ಮುಖಗವಸು ಹೊಗೆಯ ಅನಿಲವನ್ನು ತಡೆಯುವುದಿಲ್ಲ. ಕಿಟಕಿ ತೆರೆದು, ಹೊಗೆಯನ್ನು ನಿಮ್ಮಿಂದ ದೂರ ಎಳೆಯುವಂತೆ ಸಣ್ಣ ಫ್ಯಾನ್ ಇಟ್ಟುಕೊಳ್ಳಿ.

ಶಿವಮೊಗ್ಗದ ಬಿಸಿಮೊನೆ

ಹಿರಿಯರ ಮಾತು ಮನಸ್ಸಿಗೆ ತಟ್ಟಿತು. ನಾನೂ ಇಂದಿನಿಂದ ಮುಖಗವಸು ಇಲ್ಲದೆ ಕೂರುವುದಿಲ್ಲ.

ಅವರ ಪಟ್ಟಿ 220ಕ್ಕೆ ನಿಂತಿದೆ. ಅಲ್ಲಿಂದ ಮುಂದೆ ನಮ್ಮ ಕೆಲಸಕ್ಕೆ ಬೇಕಾದ ಒಂದು ಹಂತವಿದೆ, ನೀರು. 220 ಮುಗಿದ ಮೇಲೆ ಪುಡಿಯನ್ನು ಬ್ರಷ್‌ನಿಂದ ಗುಡಿಸಿ, ಹತ್ತಿಬಟ್ಟೆಯನ್ನು ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ, ಹಲಗೆಯನ್ನು ಒಮ್ಮೆ ಒರೆಸಿ. ಒಣಗಿದ ಮೇಲೆ ಕೈಯಾಡಿಸಿದರೆ ಎಳೆಗರುವಿನ ನಾಲಿಗೆಯಂತೆ ತರಿತರಿ. ಕಾಗದದ ಒತ್ತಡಕ್ಕೆ ಮಲಗಿದ್ದ ನಾರುಗಳೆಲ್ಲ ನೀರು ಕುಡಿದು ಎದ್ದುನಿಂತಿರುತ್ತವೆ. ಆಗ ಹೊಸ 320 ಕಾಗದದಲ್ಲಿ, ಒತ್ತದೆ, ಎರಡೇ ಎರಡು ಸಲ ಸವರಿ. ಎದ್ದ ತಲೆಗಳು ಮಾತ್ರ ಕತ್ತರಿಸಿಹೋಗಬೇಕು. ಒತ್ತಿದರೆ ಹೊಸ ನಾರು ಎಬ್ಬಿಸಿದಂತಾಗುತ್ತದೆ. ಹಲಸಿಗೆ ಇದನ್ನು ಎರಡು ಬಾರಿ ಮಾಡಿ.

ನಿಮ್ಮ ಮೊನೆಗೆ ಕರಿ ಕಟ್ಟುತ್ತಿರಬೇಕು, ಆಗಾಗ ಒರೆಸಬೇಕಾಗುತ್ತಿರಬೇಕು. ಅದರ ಕಾರಣವೂ ಈ ನಾರು, ಮತ್ತು ರಂಧ್ರಗಳಲ್ಲಿ ಕುಳಿತ ಪುಡಿ. ಪುಡಿ ಮರಕ್ಕಿಂತ ಮೊದಲು ಹೊತ್ತಿ ಮೊನೆಗೆ ಅಂಟುತ್ತದೆ. ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಎಳೆಯ ಉದ್ದಕ್ಕೆ ಗುಡಿಸಿ. ಬಣ್ಣದ ಅಂಗಡಿಯಲ್ಲಿ ಸಿಗುವ ಅಂಟುಬಟ್ಟೆ ಬೇಡ, ಅದರ ಮೇಣ ಮರದಲ್ಲಿ ಉಳಿದು ಸುಡುವಾಗ ಕಲೆಯಾಗುತ್ತದೆ.

ತೀರ್ಥಹಳ್ಳಿಯ ತೊಲೆ

400 ನಂಬರ್ ತನಕ ಹೋಗಲೇಬೇಕು ಎಂದು ನಾನು ಕಲಿತದ್ದು. 320ಕ್ಕೆ ನಿಲ್ಲಿಸುವುದು ಅರೆಮನಸ್ಸಿನ ಕೆಲಸವಲ್ಲವೇ?

ಶಿವಮೊಗ್ಗದ ಬಿಸಿಮೊನೆ

ಅರೆಮನಸ್ಸು ಅಲ್ಲ. ಹಲಸಿನಂಥ ದೊಡ್ಡ ರಂಧ್ರದ ಮರದಲ್ಲಿ 320ರ ಗೀರು ರಂಧ್ರಕ್ಕಿಂತ ಎಷ್ಟೋ ಸಣ್ಣದು. ಅಲ್ಲಿಂದ ಮುಂದೆ ಹೋದರೆ ಮೈ ಜಾರುವಷ್ಟು ನಯವಾಗಿ, ಪೆನ್ಸಿಲ್ ಗೆರೆಯೇ ಹಿಡಿಯುವುದಿಲ್ಲ. ಚಿತ್ತಾರಕ್ಕೆ ಅಳತೆಯ ಗೆರೆ ಹಾಕಿಕೊಳ್ಳಲೇಬೇಕು. ಚನ್ನಪಟ್ಟಣದ ಬೊಂಬೆ ಮಾಡುವ ಆಲೆ ಮರವಾಗಿದ್ದರೆ, ಅದು ಹಾಲಿನಂತೆ ಬಿಳಿ, ಎಳೆ ಬಿಗಿ, ಆಗ 400ರ ಫಲ ಕಣ್ಣಿಗೆ ಕಾಣುತ್ತದೆ. ಒಪ್ಪದಿದ್ದರೆ ಒಂದೇ ಹಲಗೆಯಲ್ಲಿ ಮೂರು ಪಟ್ಟಿ ಮಾಡಿ ಬರೆದು ನೋಡಿ.

ಸಾಗರದ ಮರಗೆಲಸ

ಕಾಗದದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಕಪ್ಪು ಬಣ್ಣದ, ನೀರಿನಲ್ಲಿ ಉಜ್ಜುವ ಕಾಗದ ಬೇಡ, ಅದರ ಬೂದು ಪುಡಿ ಹಲಸಿನ ರಂಧ್ರದಲ್ಲಿ ಕುಳಿತರೆ ಹೊರಡುವುದಿಲ್ಲ. ಉಕ್ಕಿನ ನಾರಿನ ಉಂಡೆಯಂತೂ ಬೇಡವೇ ಬೇಡ. ಅದರ ಸಣ್ಣ ಚೂರು ಮರದಲ್ಲಿ ಉಳಿದು, ನಮ್ಮ ಗಾಳಿಯ ತೇವ ತಗುಲಿ, ಮರದ ಒಗರಿನ ಜೊತೆ ಸೇರಿದರೆ ನೀಲಿಗಪ್ಪು ಚುಕ್ಕೆಯಾಗುತ್ತದೆ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದದ್ದು ಇದೇ ಗುಣದಿಂದ. ಮತ್ತಿ, ಹೊನ್ನೆಯಂಥ ಒಗರು ಹೆಚ್ಚಿರುವ ಮರಗಳಲ್ಲಿ ಇದು ಇನ್ನೂ ಜೋರು. ಮಳೆಗಾಲದಲ್ಲಿ ಉಜ್ಜುವ ಕಾಗದವೂ ತಣ್ಣಗಾಗಿ ಸುರುಟಿಕೊಳ್ಳುತ್ತದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಇಡಿ.

ಕಾಗದ ಬರುವ ಮೊದಲು ಗರಗತ್ತಿ ಎಲೆಯಲ್ಲಿ ಉಜ್ಜುತ್ತಿದ್ದರು. ಕಾಡಿನ ಅಂಚಿನಲ್ಲಿ ಈಗಲೂ ಇದೆ, ಎಲೆ ಮುಟ್ಟಿದರೆ ಬೆಕ್ಕಿನ ನಾಲಿಗೆಯಂತೆ ಒರಟು. ಕೊನೆಯ ಸವರುವಿಕೆಗೆ ನಾನು ಬಳಸಿ ನೋಡಿದ್ದೇನೆ, ಸಣ್ಣ ಬಾಗು ತಿರುವುಗಳಿರುವ ಕಡೆ ಕಾಗದಕ್ಕಿಂತ ಚೆನ್ನಾಗಿ ಹೊಂದಿಕೊಳ್ಳುತ್ತದೆ.

ತೀರ್ಥಹಳ್ಳಿಯ ತೊಲೆ

ಮೂರು ಪಟ್ಟಿಯ ಪರೀಕ್ಷೆ ಮಾಡುತ್ತೇನೆ. ನನ್ನ ಇನ್ನೊಂದು ಪ್ರಶ್ನೆ. ನಮ್ಮ ಹಳೆಯ ಮನೆ ಬಿಚ್ಚಿದಾಗ ಉಳಿದ ತೊಲೆ, ಬಾಗಿಲುಗಳಿವೆ. ನೂರು ವರ್ಷ ಒಣಗಿದ ಮರ. ತೇವದ ಚಿಂತೆಯೇ ಇಲ್ಲದ ಅದನ್ನು ಹೆರೆದು ಬಳಸಬಹುದಲ್ಲ?

ಸಾಗರದ ಮರಗೆಲಸ

ತಡೆಯಿರಿ. ಆ ತೊಲೆಗಳಿಗೆ ಗೇರೆಣ್ಣೆ ಬಳಿದಿದ್ದಾರೆಯೇ ಎಂದು ಮೊದಲು ನೋಡಿ. ಗೆದ್ದಲು, ಕುಟ್ಟೆ ಹುಳು ಬಾರದಿರಲಿ ಎಂದು ನಮ್ಮ ಕಡೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಮೈ ಕಪ್ಪುಕಂದಾಗಿ, ಅಂಟು ಒಣಗಿದಂತೆ ಕಾಣುತ್ತದೆ. ಹಸಿ ಗೇರುಬೀಜ ಸುಲಿದವರ ಕೈ ಹೇಗೆ ಸುಡುತ್ತದೆಂದು ಗೊತ್ತಲ್ಲ? ಆ ಮರದ ಪುಡಿಯನ್ನೂ ಹೊಗೆಯನ್ನೂ ನಿಮ್ಮ ಕಣ್ಣು, ಗಂಟಲು ಸಹಿಸುವುದಿಲ್ಲ. ಹಳೆಯ ಬಾಗಿಲಿನ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ, ಅದನ್ನು ಒಣದಾಗಿ ಉಜ್ಜಲೇಬೇಡಿ. ಏನೂ ಬಳಿಯದ ತುಂಡು ಇದ್ದರೆ, ಮೊಳೆಗಳನ್ನೆಲ್ಲ ತೆಗೆದು ಹತ್ತರಿ ಹಾಕಿ. ಅದಕ್ಕಿಂತ ಒಳ್ಳೆಯ ಮರ ಇನ್ನೊಂದಿಲ್ಲ.

ಶಿವಮೊಗ್ಗದ ಬಿಸಿಮೊನೆ

ಇದೇ ಕಾರಣಕ್ಕೆ ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನೂ ಸುಡಬಾರದು, ಅದರ ಅಂಟು ಕಾದಾಗ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲ ಬಿಡುತ್ತದೆ. ಪ್ಲೈವುಡ್‌ನಲ್ಲಿ ಮೇಲಿನ ಪದರ ತೆಳುವಾಗಿರುತ್ತದೆ, ಒತ್ತಿ ಉಜ್ಜಿದರೆ ಕೆಳಗಿನ ಅಂಟು ಹೊರಬರುತ್ತದೆ.

ಸೊರಬದ ಚಿತ್ತಾರಗಿತ್ತಿ

ಇಷ್ಟು ಹೊತ್ತು ಓದುತ್ತಿದ್ದೆ. ನನಗೆ ಮರದ ಕೆಲಸ ಗೊತ್ತಿಲ್ಲ, ಚಿತ್ತಾರ ಗೊತ್ತು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಅಮ್ಮ, ದೊಡ್ಡಮ್ಮ ಮದುವೆಗೆ ಹಸೆಗೋಡೆ ಬರೆಯುವಾಗ ನಾನು ಪುಂಡಿನಾರಿನ ಕುಂಚ ತೋಯಿಸಿ ಕೊಡುತ್ತಿದ್ದವಳು. ಗೋಡೆಗೆ ಕೆಮ್ಮಣ್ಣು ಸಾರಿಸಿ, ಅದು ಒಣಗಿ, ಅಂಗೈಯಲ್ಲಿ ತಿಕ್ಕಿ ನೋಡಿ, ಮತ್ತೆ ಒಂದು ಕೈ ಸಾರಿಸಿ, ಅದೂ ಒಣಗಿದ ಮೇಲೆಯೇ ಅಕ್ಕಿಹಿಟ್ಟಿನ ಬಿಳಿ ಮುಟ್ಟುತ್ತಿದ್ದರು. ಹಸಿ ಗೋಡೆಗೆ ಬರೆದರೆ ಬಿಳಿ ಹರಡುತ್ತದೆ. ತಂಗಿ, ನಿನ್ನ ಮರದಲ್ಲಿ ಕಂದು ಹಬ್ಬಿದ ಚಿತ್ರ ನೋಡಿದಾಗ ನನಗೆ ಆ ಹಸಿ ಗೋಡೆಯೇ ಕಂಡಿತು.

ಇನ್ನೊಂದು ವಿಷಯ ಯೋಚಿಸು. ಗೋಡೆಯಲ್ಲಿ ನೆಲ ಕೆಂಪು, ಗೆರೆ ಬಿಳಿ. ನೀನು ಸುಟ್ಟರೆ ನೆಲ ತಿಳಿ, ಗೆರೆ ಕಪ್ಪು. ಎಲ್ಲವೂ ತಿರುಗುಮುರುಗು. ಗೆರೆಯನ್ನು ಹಾಗೆಯೇ ಬಿಟ್ಟು ನಡುವಿನ ಜಾಗವನ್ನು ಸುಟ್ಟರೆ ಗೋಡೆಯ ಚಿತ್ತಾರಕ್ಕೆ ಹತ್ತಿರ ಬರುತ್ತದೆ. ಕೆಲಸ ಎಷ್ಟು ಹೆಚ್ಚಾಗುತ್ತದೆಂದು ನನಗೆ ತಿಳಿಯದು. ಮತ್ತೆ, ಯಾರಿಗಾದರೂ ತೋರಿಸುವಾಗ ಇದು ದೀವರ ಹೆಂಗಸರ ಚಿತ್ತಾರ ಎಂದು ಹೇಳುವುದನ್ನು ಮರೆಯಬೇಡ.

ಹೊಸನಗರದ ಹಿತ್ತಿಲು

ಅಕ್ಕ, ಖಂಡಿತ ಹೇಳುತ್ತೇನೆ, ಹಲಗೆಯ ಹಿಂದೆಯೇ ಬರೆಯುತ್ತೇನೆ. ನಡುವಿನ ಜಾಗ ಸುಡುವ ಯೋಚನೆ ನನಗೆ ಹೊಳೆದಿರಲಿಲ್ಲ. ಆ ವಿಧಾನಕ್ಕೆ ಅಗಲವಾದ ಮೊನೆ ಬೇಕು, ಮತ್ತು ಮೈ ಇನ್ನೂ ಸಮನಾಗಿರಬೇಕು. ಹಲಗೆ ಇಂದು ಅಟ್ಟ ಏರಿತು. ಮೊದಲ ತೂಕ 842 ಗ್ರಾಂ.

ಹೊಸನಗರದ ಹಿತ್ತಿಲು

ಆಶ್ಲೇಷಾ ಮಳೆ ಮುಗಿಯುತ್ತಾ ಬಂತು, ವರದಿ ಒಪ್ಪಿಸುತ್ತಿದ್ದೇನೆ. ವಾರವಾರದ ತೂಕ 842, 819, 804, 794, 789, ಈ ವಾರವೂ 789. ತುದಿಗೆ ಮೇಣ ಬಳಿದದ್ದರಿಂದ ಬಿರುಕಿಲ್ಲ. ಸ್ವಲ್ಪ ಬಾಗಿತ್ತು, ಉಬ್ಬಿದ ಮೈಯನ್ನು ಕೆಳಗೆ ಮಾಡಿ ಇಟ್ಟಿಗೆ ಹೇರಿದ ಮೇಲೆ ಸರಿಯಾಯಿತು.

ಚಪ್ಪಲಿ ಅಟ್ಟೆಯ ಹಿಡಿಕೆ ಮಾಡಿಕೊಂಡು, ಪೆನ್ಸಿಲಿನಲ್ಲಿ ಗೀಚಿ, 100ರಿಂದ ಶುರು ಮಾಡಿದೆ. ಯಂತ್ರದ ಅಲೆ ಹೋಗಲು ಮೂರು ಸಂಜೆ ಹಿಡಿಯಿತು. ಪ್ಯಾಟರ್ನ್ ಕೆಲಸದ ಹಿರಿಯರು ಹೇಳಿದಂತೆ ದೀಪ ಆರಿಸಿ ಟಾರ್ಚ್ ಹಿಡಿದ ರಾತ್ರಿ ಎದೆ ಧಸಕ್ಕೆಂದಿತು. ನುಣ್ಣಗಿದೆ ಎಂದುಕೊಂಡಿದ್ದ ಮೈಯ ಮೇಲೆ ಬರೀ ಗೀರು. ಮತ್ತೆ 150ಕ್ಕೆ ಹಿಂದಿರುಗಿದೆ. 220 ಮುಗಿದ ಮೇಲೆ ನೀರಿನ ಬಟ್ಟೆ ಎರಡು ಸಲ, ಪ್ರತಿ ಸಲವೂ ಒಂದು ಹಗಲು ಅಟ್ಟದಲ್ಲಿ ಒಣಗಿಸಿ 320.

ಒಂದು ತುಂಡಿನಲ್ಲಿ ಪಟ್ಟಿಗಳ ಪರೀಕ್ಷೆಯನ್ನು ನಾನೂ ಮಾಡಿದೆ. 220, 320, 400ರ ಪಟ್ಟಿಗಳ ನಡುವೆ ಗೆರೆಯಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ನೀರು ಕೊಟ್ಟ ಪಟ್ಟಿಗೂ ಕೊಡದ ಪಟ್ಟಿಗೂ ವ್ಯತ್ಯಾಸ ಅಜ್ಜಿಯ ಕಣ್ಣಿಗೂ ಕಂಡಿತು. ಅವರಿಗೆ ಯಾವುದು ಯಾವುದೆಂದು ಹೇಳಿರಲಿಲ್ಲ. ಪೆನ್ನಿನ ಬಿಸಿ ಮೊದಲಿದ್ದದ್ದಕ್ಕಿಂತ ಎರಡು ಗುರುತು ಕೆಳಗಿದೆ. ಕಂದು ಹಬ್ಬುವುದು ನಿಂತಿದೆ.

ತೀರ್ಥಹಳ್ಳಿಯ ತೊಲೆ

ನನ್ನ ತುಂಡು ಹೊನ್ನೆ. ನನಗೂ 320 ಮತ್ತು 400 ಒಂದೇ. ಒಪ್ಪಿದೆ. ತೊಲೆಗಳಲ್ಲಿ ಎರಡಕ್ಕೆ ಗೇರೆಣ್ಣೆ ಇತ್ತು, ಅವನ್ನು ದನದ ಕೊಟ್ಟಿಗೆಯ ಅಡ್ಡೆಗೆ ಹಾಕಿಸಿದೆ.

ಶಿವಮೊಗ್ಗದ ಬಿಸಿಮೊನೆ

ಬಹಳ ಸಂತೋಷ. ಒಂದು ಎಚ್ಚರಿಕೆ. ಹಲಸಿನ ಅರಿಶಿನ ಬಣ್ಣ ಹಾಗೆಯೇ ಉಳಿಯುವುದಿಲ್ಲ, ಬೆಳಕು ಬಿದ್ದಂತೆ ಕೆಂಪುಗಂದಾಗುತ್ತಾ ಹೋಗುತ್ತದೆ. ಇವತ್ತು ಸಾಕೆನಿಸುವ ಕಪ್ಪು, ಐದು ವರ್ಷದ ಮೇಲೆ ನೆಲದ ಬಣ್ಣದಲ್ಲಿ ಕರಗೀತು. ಒಂದು ಮಟ್ಟ ಹೆಚ್ಚು ಕಪ್ಪು ಮಾಡಿ, ಬಿಸಿ ಏರಿಸಿ ಅಲ್ಲ, ಅದೇ ಬಿಸಿಯಲ್ಲಿ ಎರಡನೆಯ ಸಲ ಹಾದು. ಎಣ್ಣೆ, ಮೇಣ ಯಾವುದೂ ಬರೆದು ಮುಗಿಯುವ ತನಕ ಮುಟ್ಟಬೇಡಿ. ಕೊನೆಯಲ್ಲಿ ಅಗಸೆ ಎಣ್ಣೆ ಹಚ್ಚಿದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ.

ಹೊಸನಗರದ ಹಿತ್ತಿಲು

ಗುರುತು ಹಾಕಿಕೊಂಡೆ. ನಿನ್ನೆ ಪೆನ್ಸಿಲ್ ಗೆರೆಗಳು ಮುಗಿದವು. ಇಂದು ಮಧ್ಯಾಹ್ನ ಮಳೆ ಬಿಟ್ಟಿತ್ತು, ಜಗಲಿಯಲ್ಲಿ ಕುಳಿತು ಹೊರಗಿನ ಚೌಕಟ್ಟಿನ ಮೊದಲ ಗೆರೆ ಎಳೆದೆ. ಹದಿಮೂರು ಇಂಚು. ಮೊನೆ ಎಲ್ಲಿಯೂ ತಡೆಯಲಿಲ್ಲ. ಅಜ್ಜಿ ಪಕ್ಕದಲ್ಲಿಯೇ ಕುಳಿತಿದ್ದರು, ಗೆರೆ ಮುಗಿಯುವ ತನಕ ಎಲೆಅಡಿಕೆ ಬಾಯಿಗೆ ಹಾಕಲಿಲ್ಲ.

ಅದೇ ಮರದ ಎರಡು ಚಿಕ್ಕ ತುಂಡುಗಳು ಅಟ್ಟದಲ್ಲಿ ಒಣಗಿ ಕುಳಿತಿವೆ. ಒಂದು ಸೊರಬದ ಅಕ್ಕನಿಗೆ. ಇನ್ನೊಂದು ಕೊಪ್ಪದ ಕಾಫಿತೋಟದವರಿಗೆ, ಬಿಲ್ಲೆ ಸೀಳಿ ಬೇಸರವಾಗಿದ್ದರೆ ಹಲಗೆಯ ಮೇಲೆ ಬರೆದು ನೋಡಲಿ. ಮದುವೆಗೆ ಬಂದರೆ ಕೈಯಲ್ಲೇ ಕೊಡುತ್ತೇನೆ.